ಕಿಟ್ ಕೊಡೋ ಮೊದಲು ಒಲೆ ಎಲ್ಲಿದೆ ಕೇಳಿ

ಕಲಬುರಗಿಯಲ್ಲಿ ಸೂರಿಲ್ಲದ ಕುಟುಂಬಗಳ ಜೊತೆ ಕೆಲಸ ಮಾಡಲು ಹೊಸದಾಗಿ ಬರುವವರಿಗೆ ಈ ಮಾತು. ಹತ್ತು ಕೆಜಿ ಅಕ್ಕಿ, ಎರಡು ಕೆಜಿ ತೊಗರಿಬೇಳೆ, ಲೀಟರ್ ಎಣ್ಣೆ ಇರುವ ಕಿಟ್ ಫೋಟೊದಲ್ಲಿ ಚೆಂದ ಕಾಣುತ್ತದೆ. ಆದರೆ ರೈಲ್ವೆ ಸ್ಟೇಷನ್ ಹತ್ತಿರ ಫುಟ್‌ಪಾತ್ ಮೇಲೆ ಮಲಗುವವರಿಗೆ ಅದು ಬರೀ ಹೊರೆ. ಒಲೆಯಿಲ್ಲ, ಪಾತ್ರೆಯಿಲ್ಲ, ಕೂಲಿಗೆ ಹೋದರೆ ಕಾಯುವವರಿಲ್ಲ. ಅಕ್ಕಿ ಸಿಕ್ಕ ಬೆಲೆಗೆ ಮಾರಿಹೋಗುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

"ಅಕ್ಕಾ, ಅಡಿಗಿ ಎಲ್ಲಿ ಮಾಡ್ತೀರಿ? ನೀರು ಎಲ್ಲಿಂದ ತರ್ತೀರಿ? ರಾತ್ರಿ ಸಾಮಾನು ಎಲ್ಲಿಡ್ತೀರಿ?" ಇಷ್ಟು ಕೇಳಿದ ಮೇಲೆಯೇ ಚೀಲ ಕಟ್ಟಿ.

ಒಲೆಯೇ ಇಲ್ಲದವರಿಗೆ ಬೇಯಿಸದೆ ತಿನ್ನುವಂಥದ್ದು ಬೇಕು. ನಾಲ್ಕು ಜನಕ್ಕೆ ಎರಡು ದಿನದ ಲೆಕ್ಕದಲ್ಲಿ ಕಡಕ್ ರೊಟ್ಟಿ 30, ಶೇಂಗಾ ಹಿಂಡಿ (ಚಟ್ನಿಪುಡಿ) ಕಾಲು ಕೆಜಿ, ಪುಟಾಣಿ (ಹುರಿಗಡಲೆ) ಒಂದು ಕೆಜಿ, ಬೆಲ್ಲ ಅರ್ಧ ಕೆಜಿ, ಒಂದೂವರೆ ಡಜನ್ ಬಾಳೆಹಣ್ಣು. ಜೊತೆಗೆ ಹತ್ತಿರದ ಇಂದಿರಾ ಕ್ಯಾಂಟೀನ್ ತೆರೆಯುವ ಹೊತ್ತು, ಶರಣಬಸವೇಶ್ವರ ಗುಡಿಯ ದಾಸೋಹದ ಹೊತ್ತು ತಿಳಿಸಿ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ, ಆಗ ಒಂದೇ ದಿನದ್ದು ಸಾಕು.

ಮೂರು ಕಲ್ಲಿನ ಒಲೆ ಇರುವ ಟೆಂಟಿನವರಿಗೆ ತೊಗರಿಬೇಳೆ ಬೇಡ. ಹೌದು, ತೊಗರಿ ಕಣಜದಲ್ಲೇ ಕೂತು ಹೇಳುತ್ತಿದ್ದೇವೆ! ಗಡಸು ನೀರಿನಲ್ಲಿ, ಬಯಲು ಬೆಂಕಿಯಲ್ಲಿ ಅದು ಬೇಯುವಷ್ಟರಲ್ಲಿ ಕಟ್ಟಿಗೆ ಮುಗಿದಿರುತ್ತದೆ. ತೊಗರಿ ಕಟ್ಟಿಗೆಯಂತೂ ಭರ್ರನೆ ಉರಿದು ಬೂದಿಯಾಗುತ್ತದೆ. ಹೆಸರುಬೇಳೆ ಅರ್ಧ ತಾಸಿನೊಳಗೆ ಬೇಯುತ್ತದೆ. ಜೋಳದ ಹಿಟ್ಟು ವಾರಕ್ಕಾಗುವಷ್ಟೇ ಕೊಡಿ, ಬೇಸಿಗೆಯಲ್ಲಿ ಬೇಗ ಕಹಿಯಾಗುತ್ತದೆ. ಎಣ್ಣೆ ಪ್ಯಾಕೆಟ್ ಒಡೆದರೆ ಮತ್ತೆ ಮುಚ್ಚಲಾಗದು, ಮುಚ್ಚಳದ ಬಾಟಲಿಯಲ್ಲೇ ಕೊಡಿ. ಇಲಿ ಬಾರದ ಒಂದು ತಗಡಿನ ಡಬ್ಬಿ ಇನ್ನೈದು ಕೆಜಿ ಅಕ್ಕಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಲಿನ ಪುಡಿ, ಕೂಸಿಗೆ ಹಾಲುಣಿಸುವ ಬಾಟಲಿ ದಾನ ಬಂದರೆ ಕೂಸಿರುವ ಮನೆಗೆ ಹಂಚಬೇಡಿ. ಶುದ್ಧ ನೀರಿಲ್ಲದ ಕಡೆ ಅದರಿಂದ ಭೇದಿ ಶುರುವಾಗುತ್ತದೆ, ಎದೆಹಾಲೂ ಕಡಿಮೆಯಾಗುತ್ತದೆ. ಅದಕ್ಕೆ ಹಾಕುವ ದುಡ್ಡಿನಲ್ಲಿ ತಾಯಿಗೆ ಊಟ ಕೊಡಿ ಎಂದು ದಾನಿಗಳಿಗೆ ಹೇಳಿ.

ರೇಷನ್ ಕಾರ್ಡ್ ಊರಲ್ಲಿದೆ ಎಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ಆಧಾರ್ ಜೋಡಣೆಯಾಗಿದ್ದರೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಎತ್ತಬಹುದು. ಗುಳೆ ಹೋಗಿ ಪುಣೆ, ಹೈದರಾಬಾದಿನಲ್ಲಿದ್ದರೂ ಕೇಂದ್ರದ ಪಾಲು ಸಿಗುತ್ತದೆ, ನಮ್ಮ ರಾಜ್ಯ ಸೇರಿಸುವ ಹೆಚ್ಚುವರಿ ಪಾಲು ಮಾತ್ರ ಅಲ್ಲಿ ಸಿಗದು. ತೊಡಕಾಗುವುದು ಬೆರಳಚ್ಚಿನಲ್ಲಿ. ಇಟ್ಟಂಗಿ, ಸಿಮೆಂಟ್ ಕೆಲಸದಿಂದ ಬೆರಳ ಗೆರೆ ಸವೆದಿರುತ್ತದೆ. ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿಸಿ, ಕಾರ್ಡಿನಲ್ಲಿರುವ ಇನ್ನೊಬ್ಬರನ್ನು ಕರೆಸಿ, ಆಗದಿದ್ದರೆ ಒಟಿಪಿ ಕೇಳಿ. ಇ-ಕೆವೈಸಿ ಆಗದೆ ಹೆಸರು ಬಿಟ್ಟುಹೋಗಿದ್ದರೆ ಮೊದಲು ಅದನ್ನು ಮಾಡಿಸಿ. ಅಂಗಡಿಯವರು ವಾಪಸ್ ಕಳಿಸಿದರೆ ಪಡಿತರ ಸಹಾಯವಾಣಿ 1967ಕ್ಕೆ ಫೋನ್ ಮಾಡಿ.

ಅಪೌಷ್ಟಿಕತೆ ಗುರುತಿಸಲು ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡಗೈ ಮೇಲ್ತೋಳಿನ ನಡುಭಾಗದ ಸುತ್ತಳತೆಯನ್ನು ಅಳತೆ ಪಟ್ಟಿಯಿಂದ ನೋಡಿ. ಅಂಗಿ ತೋಳಿನ ಮೇಲೆ ಸುತ್ತಬೇಡಿ, ಪಟ್ಟಿಯನ್ನು ಬಿಗಿಯಾಗಿ ಎಳೆಯಬೇಡಿ. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ಅಪೌಷ್ಟಿಕ ಮಕ್ಕಳಿಗೆ ಚಿಕಿತ್ಸೆ ಕೊಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಎನ್‌ಆರ್‌ಸಿ) ತೋರಿಸಲೇಬೇಕು. ಸೇರಿಸಿಕೊಂಡರೆ ಸಾಮಾನ್ಯವಾಗಿ 14 ದಿನ ಇರಬೇಕಾಗುತ್ತದೆ. ತಾಯಿ ಒಲ್ಲೆ ಅನ್ನುವುದು ಮಗುವಿನ ಮೇಲೆ ಪ್ರೀತಿಯಿಲ್ಲದೆ ಅಲ್ಲ. ಉಳಿದ ಮಕ್ಕಳನ್ನು ಯಾರು ನೋಡಬೇಕು, ಕೂಲಿ ಹೋದರೆ ಹೇಗೆ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಮಾತಾಡಿಸಿ.

ಇಲ್ಲಿನ ಮೇ ಬಿಸಿಲಿಗೆ ಟೆಂಟಿನೊಳಗೆ ಇನ್ಸುಲಿನ್ ಕೆಡುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿಟ್ಟು, ನಡುವೆ ಮರಳು ತುಂಬಿ ದಿನಕ್ಕೆರಡು ಸಲ ನೀರು ಹಾಕಿದರೆ ತಂಪಿರುತ್ತದೆ. ಶೀಶೆ ಪ್ಲಾಸ್ಟಿಕ್ ಚೀಲದಲ್ಲಿರಲಿ, ಮಡಕೆ ನೆರಳಲ್ಲಿ ಗಾಳಿಯಾಡುವ ಕಡೆ ಇರಲಿ. ಟಿಬಿ ಔಷಧಿ ನಡೆಯುತ್ತಿರುವವರು ಜಾಗ ಬದಲಿಸುವ ಮುನ್ನ ಅವರ ನಿಕ್ಷಯ್ ನಂಬರ್ (ಟಿಬಿ ಚಿಕಿತ್ಸೆಯ ಸರ್ಕಾರಿ ನೋಂದಣಿ ಸಂಖ್ಯೆ) ಬರೆದುಕೊಳ್ಳಿ. ಆ ನಂಬರಿದ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಮುಂದುವರಿಸಬಹುದು. ತಾಯಿ ಕಾರ್ಡ್ (ಬಸುರಿ ಮತ್ತು ಮಗುವಿನ ತಪಾಸಣೆ ಬರೆಯುವ ಕಾರ್ಡ್), ಆಧಾರ್, ಈ ನಂಬರ್ ಮೂರನ್ನೂ ಒಂದೇ ಜಿಪ್ ಕವರಿನಲ್ಲಿ ಹಾಕಿ, ಮನೆಯ ಹೆಣ್ಣುಮಗಳ ಕೈಗೇ ಕೊಡಿ.