ಟ್ಯಾಬ್ ಒಂದು, ಸ್ಪೇಸ್ ಎಂಟು

ಇವತ್ತು ಒಂದು ಮೇಕ್‌ಫೈಲ್ ಓಡಲೇ ಇಲ್ಲ. ಕೋಡ್‌ನಿಂದ ಪ್ರೋಗ್ರಾಂ ಹೇಗೆ ಕಟ್ಟಬೇಕು ಅಂತ 'ಮೇಕ್' ಎಂಬ ಟೂಲ್‌ಗೆ ಹೇಳುವ ಫೈಲ್ ಅದು. ಅರ್ಧ ಗಂಟೆ ಹುಡುಕಿದೆ. ಟ್ಯಾಬ್ ಇರಬೇಕಾದ ಕಡೆ ಎಂಟು ಸ್ಪೇಸ್ ಇತ್ತು, ಅಷ್ಟೇ. ಕಣ್ಣಿಗೆ ಎರಡೂ ಒಂದೇ ಥರ.

ಇದರ ಬದಲು ನಾನೇ ಒಂದು ಚಿಕ್ಕ ಟೂಲ್ ಬರೆದುಬಿಡೋಣ ಅನ್ನಿಸಿತು. ಕೋಡ್ ಬರೆಯುವ ಎಲ್ಲರಿಗೂ ಹೀಗೆ ಅನ್ನಿಸಿರುತ್ತದೆ, ಅಲ್ವಾ?

'ಮೇಕ್' ಬರೆದದ್ದು ಸ್ಟುವರ್ಟ್ ಫೆಲ್ಡ್‌ಮನ್, 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು ಎಂಬ ನಿಯಮವನ್ನು ಆಗಲೇ ಬದಲಿಸಬಹುದಿತ್ತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆ ಆಗಬಾರದು ಅಂತ ಹಾಗೇ ಬಿಟ್ಟರು.

ಬೇರೆಯವರ ಟೂಲ್ ಕಲಿಯುವಾಗ ಇಂಥ ಹಳೇ ಕಾರಣಗಳನ್ನೂ ಹೊರಬೇಕು. ನಾವೇ ಬರೆದರೆ ಕಾರಣಗಳೆಲ್ಲ ನಮ್ಮ ತಲೆಯಲ್ಲೇ ಇರುತ್ತವೆ. ಅದು ದೊಡ್ಡ ನಿರಾಳ.

ಆದರೂ ಆ ಹನ್ನೆರಡು ಜನ ನೆನಪಾದರು. ಹೊಸ ಫೈಲ್ ಮುಚ್ಚಿ ಟ್ಯಾಬ್ ಒತ್ತಿದೆ. ಓಡಿತು.