ಸ್ವರ್ಗ ಬಿಟ್ಟು ಹೋಗಿದ್ದು ಯಾಕೆ ಅಂತ ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಒಂದೇ. "ಕೊಡಗಿನಂಥ ಊರಲ್ಲಿ ಹುಟ್ಟಿದೋರು ನೀವು. ಸ್ವರ್ಗಾನೇ ಮನೆ ಬಾಗಿಲಲ್ಲಿ ಇಟ್ಕೊಂಡು, ಬ್ಯಾಗ್ ಹೊತ್ಕೊಂಡು ಹೊರದೇಶ ಸುತ್ತೋಕೆ ಯಾಕೆ ಹೋದ್ರಿ?"

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಮನೆಯ ಹಿಂದಿನ ಎರಡು ರೂಮು ಹೋಂಸ್ಟೇಗೆ ಕೊಡುತ್ತೇವೆ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ದೋಣಿಯಲ್ಲಿ ನಾವು ನಾಲ್ಕು ಜನ ಗೆಳತಿಯರು ಹೆಗಲ ಮೇಲೆ ಮೂಟೆಯಂಥ ಬ್ಯಾಗ್ ಹಾಕಿಕೊಂಡು ಹಲ್ಲು ಕಿರಿದು ನಿಂತ ಫೋಟೋವನ್ನು ಅಮ್ಮ ಊಟದ ಮೇಜಿನ ಎದುರಿಗೇ ನೇತುಹಾಕಿದ್ದಾಳೆ. ಅತಿಥಿಗಳು ಕಡುಬು ಮುರಿಯುತ್ತಾ ತಲೆ ಎತ್ತುತ್ತಾರೆ, ಫೋಟೋ ಕಾಣುತ್ತೆ, ಪ್ರಶ್ನೆ ಬರುತ್ತೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಚಿಕ್ಕ ಉತ್ತರ ಬೇಕಾದರೆ: ಟಿಕೆಟ್ ಅಗ್ಗಕ್ಕೆ ಸಿಕ್ಕಿತು. 2023ರ ನವೆಂಬರ್‌ನಿಂದ ಥಾಯ್ಲೆಂಡ್ ನಮ್ಮವರಿಗೆ ವೀಸಾ ಇಲ್ಲದೆ 30 ದಿನ ಬಿಡೋಕೆ ಶುರು ಮಾಡಿತು. ಆ ಸುದ್ದಿಯನ್ನ ಹಾಸನದವಳು ಗ್ರೂಪಿಗೆ ಹಾಕಿದಳು. ಮೈಸೂರಿನವಳು ಅದಾಗಲೇ ಕೆಲಸ ಬಿಡೋ ಮೂಡಿನಲ್ಲಿದ್ದಳು. ಪುತ್ತೂರಿನವಳು "ಹೋಗುವ ಮಾರಾಯ್ತಿ" ಅಂದಳು. ನಾನೂ ಹೊರಟೆ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ. ಇಷ್ಟೇ.

ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಇಲ್ಲ. "ಮನೇಲಿ ಹೇಗೆ ಬಿಟ್ರು?" ಅಂತಾರೆ. ಮನೇಲಿ ಬಿಡಲಿಲ್ಲ, ಬೈದರು. ಹುಡುಗಿಯರೇ ಹೋಗುತ್ತಿದ್ದಾರೆ ಅಂತ ಬೈದದ್ದು ಅಮ್ಮ. ಅಪ್ಪನದು ಬೇರೆ ಸಿಟ್ಟು. ಜನವರಿ ಅಂದರೆ ರೋಬಸ್ಟಾ ಕಾಫಿಯ ಕುಯ್ಲು, ಆಳು ಸಿಗಲ್ಲ, ಕಣದಲ್ಲಿ ಕಾಫಿ ಕೆದಕೋಕೆ ಜನ ಬೇಕು. "ಕುಯ್ಲಿನ ಹೊತ್ತಲ್ಲೇ ಆಗ್ಬೇಕಿತ್ತಾ?" ಅಂತ ಒಂದೇ ಮಾತು. "ದುಡ್ಡು ಯಾರು ಕೊಟ್ರು?" ಅಂತಲೂ ಕೇಳ್ತಾರೆ. ನಾವೇ. ಪಿಜಿಯಲ್ಲಿ ಇದ್ದು ಕೂಡಿಟ್ಟ ಸಂಬಳ. ಗಂಡುಮಕ್ಕಳು ಗೋವಾಕ್ಕೆ ಹೋಗಿ ಬಂದರೆ ಈ ಲೆಕ್ಕ ಯಾರೂ ಕೇಳೋದು ನಾನು ನೋಡಿಲ್ಲ.

ಆದರೆ ನನಗೆ ಕಿರಿಕಿರಿ ಆಗೋದು ದುಡ್ಡಿನ ಮಾತಿಗಲ್ಲ, ಆ ಸ್ವರ್ಗದ ಮಾತಿಗೆ.

ಸ್ವರ್ಗ ಅನ್ನೋರು ಶನಿವಾರ ಬರ್ತಾರೆ, ಭಾನುವಾರ ಹೋಗ್ತಾರೆ. ಮಳೆಗಾಲ ಪೂರ್ತಿ ಇದ್ದು ನೋಡಿ. ಒಗೆದ ಬಟ್ಟೆಯನ್ನ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಆಮೇಲೆ ಆಫೀಸಿಗೆ ಹೊಗೆ ವಾಸನೆ ಹೊತ್ತುಕೊಂಡು ಹೋಗಬೇಕು. ಚಪ್ಪಲಿಗೆ ಬೂಸ್ಟು ಹಿಡಿಯುತ್ತೆ. ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೆ ಅಂತ ದೇವರಿಗೇ ಗೊತ್ತು. ಕತ್ತಲಾದ ಮೇಲೆ ಸ್ಕೂಟರ್ ತೆಗೆಯೋ ಮೊದಲು ದಾರಿಯಲ್ಲಿ ಆನೆ ಇದೆಯಾ ಅಂತ ವಾಟ್ಸಾಪ್ ಗ್ರೂಪಿನಲ್ಲಿ ನೋಡಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ತೋಟ, ಮನೆ, ರಸ್ತೆ ಎಲ್ಲ ಹೋಯ್ತು. ಆಗ ನಮ್ಮ ಮನೆಯಲ್ಲೂ ನೆಂಟರು ಬಂದು ಇದ್ದರು, ಹೊದೆಯೋಕೆ ಕಂಬಳಿ ಸಾಲದೆ ಅಡಿಕೆ ಚೀಲ ಹೊಲಿದಿದ್ದೆವು. ಸ್ವರ್ಗ ಅನ್ನೋ ಮಾತು ಕೇಳಿದಾಗ ನನಗೆ ಆ ಚೀಲ ನೆನಪಾದರೆ ನನ್ನ ತಪ್ಪಲ್ಲ.

ಇನ್ನು "ಭಾರತದ ಸ್ಕಾಟ್ಲೆಂಡ್" ಅನ್ನೋರು. ಅವರಲ್ಲಿ ಎಷ್ಟು ಜನ ಸ್ಕಾಟ್ಲೆಂಡ್ ನೋಡಿದ್ದಾರೆ ಅಂತ ಒಮ್ಮೆ ಕೇಳಬೇಕು.

ಒಬ್ಬರ ಕಥೆ ಹೇಳಲೇಬೇಕು. ಮಾರ್ಚ್ ತಿಂಗಳು. ಕಾಫಿ ಅರಳಿಸೋ ಹೂಮಳೆ ಬಿದ್ದು ಹತ್ತು ದಿನ ಆಗಿತ್ತು, ತೋಟ ಬೆಳ್ಳಗೆ ಅರಳಿ ನಿಂತಿತ್ತು. ಬೆಂಗಳೂರಿನಿಂದ ಬಂದ ಅತಿಥಿ ಬೆಳಿಗ್ಗೆ ವಾಕಿಂಗ್ ಮುಗಿಸಿ ಒಳಗೆ ಬಂದರು. ಕೈಯಲ್ಲಿ ತೋಳುದ್ದದ ರೆಂಬೆ. ಗೆಣ್ಣುಗೆಣ್ಣಿಗೂ ಹೂವಿನ ಗೊಂಚಲು. "ಮೇಡಂ, ಮಲ್ಲಿಗೆ ಥರಾನೇ ವಾಸನೆ. ರೂಮಲ್ಲಿ ಇಡೋಕೆ ಒಂದು ಬಾಟಲಿ ಇದೆಯಾ?" ಅಂದರು. ಒಂದೊಂದು ಗೆಣ್ಣು ಅಂದರೆ ಮುಂದಿನ ವರ್ಷದ ಒಂದೊಂದು ಹಿಡಿ ಹಣ್ಣು. ಅಪ್ಪ ಪೇಪರ್ ಕೆಳಗಿಳಿಸಿ ರೆಂಬೆಯನ್ನೇ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಗೆಣ್ಣು ಎಣಿಸುತ್ತಿದ್ದರು. ಅಮ್ಮ ಏನೂ ಹೇಳದೆ ಬಾಟಲಿ ತಂದು ಕೊಟ್ಟಳು, ನೀರು ಬೇರೆ ತುಂಬಿಸಿ. ಆ ಮನುಷ್ಯ ತಿಂಡಿಗೆ ಕೂತವರು ಫೋಟೋ ನೋಡಿ ನನ್ನನ್ನ ಕೇಳಿದ್ದು ಅದೇ ಪ್ರಶ್ನೆ. ಉತ್ತರಕ್ಕೆ ಕಾಯಲೂ ಇಲ್ಲ. "ನಾನಾಗಿದ್ರೆ ಇಲ್ಲಿಂದ ಕದಲ್ತಾನೇ ಇರ್ಲಿಲ್ಲ" ಅಂತ ತಾವೇ ಹೇಳಿ, ಚೆಕ್‌ಔಟ್ ಹನ್ನೊಂದಕ್ಕಾ ಹನ್ನೆರಡಕ್ಕಾ ಅಂತ ಕೇಳಿದರು.

ನನಗೆ ಯಾರಾದರೂ ಬೇರೆ ಪ್ರಶ್ನೆ ಕೇಳಬೇಕಿತ್ತು. "ಬಂದುಹೋಗೋರನ್ನ ನೋಡ್ಕೊಂಡೇ ಬೆಳೆದೋಳು ನೀನು. ನೀನೇ ಇನ್ನೊಬ್ಬರ ಊರಿಗೆ ಬಂದುಹೋಗೋಳಾದಾಗ ಹೇಗಿತ್ತು?" ಯಾರೂ ಕೇಳಲ್ಲ. ಹಾಗಾಗಿ ನಾನೇ ಹೇಳ್ತೀನಿ.

ವಿಚಿತ್ರವಾಗಿತ್ತು. ಲಾವೋಸ್‌ನ ಲುವಾಂಗ್ ಪ್ರಬಾಂಗ್‌ನಲ್ಲಿ ಬೆಳಗಿನ ಜಾವ ಬೌದ್ಧ ಭಿಕ್ಷುಗಳು ಸಾಲಾಗಿ ಭಿಕ್ಷೆಗೆ ಬರುತ್ತಾರೆ. ಊರಿನ ಹೆಂಗಸರು ಚಾಪೆ ಮೇಲೆ ಮಂಡಿಯೂರಿ ಕೂತು ಒಂದೊಂದು ಪಾತ್ರೆಗೂ ಒಂದೊಂದು ತುತ್ತು ಅಂಟಕ್ಕಿ ಅನ್ನ ಹಾಕುತ್ತಾರೆ. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು ಅದು, ಆದ್ದರಿಂದ ಜನವೋ ಜನ. ದೂರ ನಿಲ್ಲಿ, ಫ್ಲಾಶ್ ಹಾಕಬೇಡಿ, ಭಿಕ್ಷುಗಳನ್ನ ಮುಟ್ಟಬೇಡಿ ಅಂತ ಬೋರ್ಡ್ ಇದೆ. ಅದರ ಮುಂದೆಯೇ ನಿಂತು ಫ್ಲಾಶ್ ಹೊಡೀತಾರೆ. ನನಗೆ ಭಿಕ್ಷುಗಳಿಗಿಂತ ಆ ಬೋರ್ಡ್ ಮೇಲೇ ಜಾಸ್ತಿ ಕಣ್ಣು. ನಮ್ಮ ಗೇಟಿನ ಹತ್ತಿರ ಅಪ್ಪ ಬರೆಸಿದ "ದಯವಿಟ್ಟು ಕಾಫಿ ಕೀಳಬೇಡಿ" ಬೋರ್ಡಿನದೂ ಅದೇ ದನಿ. ಬಾಯಲ್ಲಿ ದಯವಿಟ್ಟು, ಹೊಟ್ಟೆಯಲ್ಲಿ ಬೈಗುಳ. ಮೈಸೂರಿನವಳು ಫೋಟೋ ತೆಗೆಯಲು ಮುಂದೆ ಹೋದಾಗ ಅವಳ ಜರ್ಕಿನ್ ಹಿಡಿದು ಎಳೆದೆ. "ನೀನು ಊರಿಗೆಲ್ಲ ಹೋಂಸ್ಟೇ ಓನರ್ ಥರ ಆಡ್ತೀಯ" ಅಂತ ಅವಳು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಓನರ್ ಮಗಳೇ ಅಲ್ವಾ, ಏನು ಮಾಡೋದು.

ಡಾರ್ಮಿಟರಿಯಲ್ಲಿ ಬೆಡ್‌ಶೀಟ್ ಮಡಚಿಟ್ಟು ಹೊರಡುತ್ತಿದ್ದವಳು ನಾನೊಬ್ಬಳೇ. ಅದು ಒಳ್ಳೆ ಗುಣ ಅಲ್ಲ, ಚಟ. ಅತಿಥಿಗಳು ಹೋದ ಮೇಲೆ ಆ ರೂಮಿಗೆ ಮೊದಲು ಕಾಲಿಡೋದು ಯಾರು ಅಂತ ನನಗೆ ಗೊತ್ತು.

ರೈಲಿನ ಮಾತೂ ಹೇಳಬೇಕು. ಕೊಡಗಿನಲ್ಲಿ ರೈಲಿಲ್ಲ. ರೈಲು ನೋಡಬೇಕಾದರೂ ಮೈಸೂರಿಗೆ ಹೋಗಬೇಕು. ಹಾಗಾಗಿ ವಿಯೆಟ್ನಾಂನಲ್ಲಿ ಹನೋಯ್‌ನಿಂದ ದಾನಾಂಗ್‌ಗೆ ರೈಲಿನಲ್ಲಿ ಹೋಗುವಾಗ ನಾನು ಮಲಗಲೇ ಇಲ್ಲ. ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಉದ್ದದ ಹಳಿ ಅದು. ಫ್ರೆಂಚರ ಕಾಲದಲ್ಲಿ, 1936ರಲ್ಲಿ ಪೂರ್ತಿಯಾಗಿ, ಯುದ್ಧದಲ್ಲಿ ತುಂಡಾಗಿ, 1976ರಲ್ಲಿ ಮತ್ತೆ ಸೇರಿದ್ದು. ಹ್ಯೂ ಅನ್ನೋ ಊರು ದಾಟಿದ ಮೇಲೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೇರ ಕೆಳಗೆ ಸಮುದ್ರ. ಮೂರೂ ಜನ ಗೊರಕೆ ಹೊಡೆಯುತ್ತಿದ್ದರು.

ಪುತ್ತೂರಿನವಳಿಗೆ ಊಟದ್ದೇ ತಲೆಬಿಸಿ, ಮೊಟ್ಟೆಯೂ ತಿನ್ನಲ್ಲ. ವಿಯೆಟ್ನಾಂನಲ್ಲಿ 'ಚಾಯ್' ಅಂತ ಬೋರ್ಡ್ ಇರೋ ಅಂಗಡಿ ಹುಡುಕಿದರೆ ಆಯ್ತು, ಅಲ್ಲಿ ಮಾಂಸ ಇರಲ್ಲ. ಅವರಲ್ಲೂ ತುಂಬಾ ಜನ ಅಮಾವಾಸ್ಯೆ, ಹುಣ್ಣಿಮೆಗೆ ಸಸ್ಯಾಹಾರ ಮಾಡುತ್ತಾರೆ. ಇದು ಗೊತ್ತಾದ ಮೇಲೆ ಅವಳು ಆ ದೇಶವನ್ನ ಪೂರ್ತಿ ಒಪ್ಪಿಕೊಂಡಳು.

ನಾನು ನಿಜಕ್ಕೂ ಹೋಗಬೇಕು ಅಂದುಕೊಂಡಿದ್ದು ಬ್ವಾನ್ ಮಾ ಥೂಟ್‌ಗೆ. ಹೆಸರು ಕೇಳಿರಲ್ಲ ನೀವು. ವಿಯೆಟ್ನಾಂನ ಡಾಕ್ ಲಾಕ್ ಪ್ರಾಂತ್ಯದ ಊರು, ಅಲ್ಲಿನ ಕಾಫಿಯ ರಾಜಧಾನಿ. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಂ. ಬಹುಪಾಲು ರೋಬಸ್ಟಾ, ಅಂದರೆ ನಮ್ಮದೇ ಬೆಳೆ. ಕರಿಮೆಣಸಿನಲ್ಲಂತೂ ಅವರೇ ಮೊದಲು. ನಮ್ಮ ಮನೆಗೆ ವಿಯೆಟ್ನಾಂ ದಾಯಾದಿ ಇದ್ದ ಹಾಗೆ. ಮುಖ ನೋಡಿಲ್ಲ, ಆದರೆ ದಿನಾ ಮಾತಿಗೆ ಬರುತ್ತೆ. "ವಿಯೆಟ್ನಾಂನಲ್ಲಿ ಒಳ್ಳೆ ಫಸಲಂತೆ" ಅಂತ ಅಪ್ಪ ಅಂದರೆ ಆ ವರ್ಷ ನನಗೆ ಹೊಸ ಬಟ್ಟೆ ಇಲ್ಲ ಅಂತ ಅರ್ಥ. ಅಲ್ಲಿನ ಮೆಣಸು ಅಗ್ಗಕ್ಕೆ ಬಂದು ಇಲ್ಲಿನ ರೇಟ್ ನೆಲಕ್ಕೆ ಬಿದ್ದಾಗ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ಆಮದು ಮಾಡಬಾರದು ಅಂತ ಮಾಡಿತು. ನಮ್ಮ ಅಂಗಳದಲ್ಲಿ ಅದರ ಮೇಲೆ ನಡೆದ ಚರ್ಚೆ ಚುನಾವಣೆಗೂ ನಡೆದಿಲ್ಲ.

ಗೆಳತಿಯರಿಗೆ ನ್ಯಾಚಾಂಗ್‌ನ ಬೀಚ್ ಬೇಕಿತ್ತು. "ಕಾಫಿ ಗಿಡ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ನಿಮ್ಮನೇಲೇ ನೋಡಬಹುದಿತ್ತಲ್ಲ" ಅಂದಳು ಹಾಸನದವಳು. ನೋಡಿ, ಅದೇ ಪ್ರಶ್ನೆ, ಅಲ್ಲೂ ಬಿಡಲಿಲ್ಲ. ಕೊನೆಗೆ ರಾತ್ರಿ ಬಸ್ಸು ಹತ್ತಿಸಿದೆ.

ಉಳಿದುಕೊಂಡ ಮನೆಯವರು ತಮ್ಮ ಪರಿಚಯದ ಎಡೆ ಹೆಂಗಸೊಬ್ಬಳ ತೋಟಕ್ಕೆ ಕರೆದುಕೊಂಡು ಹೋದರು. ಎಡೆ ಅನ್ನೋದು ಅಲ್ಲಿನ ಒಂದು ಸಮುದಾಯ. ವಂಶ ತಾಯಿಯ ಕಡೆಯಿಂದ ನಡೆಯುತ್ತೆ, ಗಂಡನೇ ಹೆಂಡತಿ ಮನೆಗೆ ಬರುತ್ತಾನೆ. ತೋಟ ಅವಳದು. ಗಂಡ ಪಂಪ್‌ಸೆಟ್ ನೋಡಿಕೊಳ್ಳುತ್ತಿದ್ದ. ಹಾಸನದವಳ ಬೇಜಾರು ಅಲ್ಲಿಗೆ ಮುಗಿಯಿತು.

ತೋಟ ನೋಡಿ ನನಗೆ ಬೆತ್ತಲೆ ಅನ್ನಿಸಿತು. ಮೇಲೆ ಮರವೇ ಇಲ್ಲ. ಕೆಂಪು ಮಣ್ಣು, ನೆತ್ತಿ ಸುಡುವ ಬಿಸಿಲು, ಸಾಲುಸಾಲು ಗಿಡ. ಮೆಣಸಿನ ಬಳ್ಳಿ ಹಬ್ಬಿಸಿದ್ದು ಸಿಮೆಂಟ್ ಕಂಬಕ್ಕೆ. ನಮ್ಮಲ್ಲಿ ಸಿಲ್ವರ್ ಓಕ್, ಹಲಸು, ಅತ್ತಿ, ಬೀಟೆ ಎಲ್ಲ ಸೇರಿ ತೋಟದೊಳಗೆ ಮಧ್ಯಾಹ್ನವೂ ತಂಪು. ಅಲ್ಲಿ ಪ್ರತಿ ಗಿಡದ ಬುಡಕ್ಕೂ ದೊಡ್ಡ ಪಾತಿ. ಹೆಬ್ಬಾವಿನ ದಪ್ಪದ ಪೈಪ್ ಎಳೆದು ಪಾತಿ ತುಂಬಿಸುತ್ತಾರೆ, ಒಂದು ಸಲಕ್ಕೆ ಗಿಡವೊಂದಕ್ಕೆ ನಾನೂರು ಲೀಟರ್ ಮೀರುತ್ತೆ. ಅದಕ್ಕೇ ಹೆಕ್ಟೇರಿಗೆ ನಮ್ಮ ಎರಡು ಪಟ್ಟಿಗೂ ಜಾಸ್ತಿ ಫಸಲು.

ಅವಳು ಫೋನಿನಲ್ಲಿ ಮಾತಾಡಿ, ಅನುವಾದ ಆಗಿದ್ದನ್ನ ನನಗೆ ತೋರಿಸಿದಳು. "ನಿಮ್ಮ ಊರು ಚೆನ್ನಾಗಿದೆಯಾ" ಅಂತ ಕೇಳಲಿಲ್ಲ. ಮೊದಲ ಪ್ರಶ್ನೆಯೇ "ನಿಮ್ಮಲ್ಲಿ ಕಿಲೋ ಎಷ್ಟು?"

ಅಷ್ಟು ದಿನ ಸುತ್ತಿದರೂ ಯಾರೂ ಕೇಳದ ಪ್ರಶ್ನೆ! ಇಬ್ಬರೂ ಅಲ್ಲೇ ಕುಕ್ಕರಗಾಲಲ್ಲಿ ಕೂತೆವು. ಅವರು ಮಾರೋದು ಸಿಪ್ಪೆ ಬಿಡಿಸಿ ಬೇಳೆ ಮಾಡಿದ ಕಾಫಿ, ಕಿಲೋ ಲೆಕ್ಕ. ನಾವು ಮಾರೋದು ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಐವತ್ತು ಕಿಲೋ ಮೂಟೆ ಲೆಕ್ಕ. ಅದರಲ್ಲಿ ಬೇಳೆ ಎಷ್ಟು ಬರುತ್ತೆ ಅನ್ನೋ ಓಟಿ ಬೇರೆ. ಕಡ್ಡಿಯಲ್ಲಿ ಮಣ್ಣಿನ ಮೇಲೆ ಬರೆದು, ಅಳಿಸಿ, ಡಾಂಗ್‌ನಿಂದ ರೂಪಾಯಿಗೆ ತಂದೆವು. ನಾನು ನಮ್ಮ ತೋಟದ ಫೋಟೋ ತೋರಿಸಿದೆ. ಅವಳು ಎರಡು ಬೆರಳಲ್ಲಿ ದೊಡ್ಡದು ಮಾಡಿ ಸಿಲ್ವರ್ ಓಕಿಗೆ ಹಬ್ಬಿದ ಮೆಣಸನ್ನ ಬುಡದಿಂದ ತುದಿಯವರೆಗೆ ನೋಡಿದಳು. ಉಗುರಿನ ಸಂದಿಯ ಕೆಂಪು ಮಣ್ಣು ನನ್ನ ಫೋನಿಗೂ ಅಂಟಿತು. "ಇಷ್ಟು ಎತ್ತರ ಹತ್ತಿ ಕುಯ್ಯೋದು ಯಾರು?" ಅಂದಳು. ಏಣಿ ಹತ್ತೋ ಆಳು ಸಿಗಲ್ಲ ಅಂದೆ. ಇಲ್ಲೂ ಸಿಗಲ್ಲ ಅಂದಳು. ಹುಡುಗರೆಲ್ಲ ಸೈಗಾನ್‌ಗೆ ಹೋಗ್ತಾರಂತೆ. ನಮ್ಮವರು ಬೆಂಗಳೂರಿಗೆ.

ಸ್ವರ್ಗ ಬಿಟ್ಟು ಯಾಕೆ ಹೋದೆ ಅಂದರೆ ಇದಕ್ಕೆ. ಬೆಟ್ಟ, ಮಂಜು, ಜಲಪಾತ ನೋಡೋಕಲ್ಲ. ಅವು ನಮ್ಮಲ್ಲಿ ಬೇಕಾದಷ್ಟಿವೆ, ನೀವೇ ಹೇಳ್ತೀರಲ್ಲ.

ಆಮೇಲೂ ಅವಳೂ ನಾನೂ ಮೆಸೇಜಿನಲ್ಲಿದ್ದೇವೆ. ಆ ವರ್ಷ ಬೇಸಿಗೆಯಲ್ಲಿ ಅವರ ಕಡೆ ಬರ ಬಂತು. ಲಂಡನ್ ಟರ್ಮಿನಲ್‌ನಲ್ಲಿ, ಅಂದರೆ ಅಲ್ಲಿನ ಕಾಫಿ ವಾಯಿದಾ ಪೇಟೆಯಲ್ಲಿ, ರೋಬಸ್ಟಾ ದಶಕಗಳಿಂದ ಕಾಣದ ರೇಟಿಗೆ ಹೋಯಿತು. ಅಪ್ಪ ಬೆಳಿಗ್ಗೆ ಎದ್ದರೆ ಹಲ್ಲುಜ್ಜುವ ಮೊದಲು ರೇಟ್ ನೋಡುತ್ತಿದ್ದರು. ಒಂದು ದಿನ ಅವಳು ಬಿರುಕು ಬಿಟ್ಟ ಕೆರೆಯ ಫೋಟೋ ಕಳಿಸಿದಳು. ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಪಾಪ" ಅಂದರು. ಆಮೇಲೆ, "ಅಲ್ಲಿ ರೇಟ್ ಎಷ್ಟಂತೆ, ಕೇಳು" ಅಂದರು.

ಕೇಳಿದೆ. ಹೇಳಿದಳು. ಲೆಕ್ಕ ಹಾಕಿದರೆ ನಮ್ಮದಕ್ಕಿಂತ ಜಾಸ್ತಿ!

ಅಪ್ಪನಿಗೆ ನಂಬಿಕೆ ಬರಲಿಲ್ಲ. "ಅದು ಬೇಳೆ ರೇಟಲ್ವಾ? ಚೆರಿಗೆ ಇಳಿಸಿ ಇನ್ನೊಂದ್ಸಲ ಹಾಕು. ಓಟಿ ಇಪ್ಪತ್ತಾರು ಹಿಡಿ" ಅಂದರು. ಇನ್ನೊಂದು ಸಲ ಹಾಕಿದೆ. ಆಗಲೂ ಜಾಸ್ತಿಯೇ. ಅವರು ಕನ್ನಡಕ ತೆಗೆದು ಫೋನ್ ವಾಪಸ್ ಕೊಟ್ಟು, "ಮುಂದಿನ ಸಲ ಹೋಗೋದಾದ್ರೆ ಹೇಳು, ನಾನೂ ಬರ್ತೀನಿ" ಅಂದರು. "ಆದ್ರೆ ಕುಯ್ಲು ಮುಗಿದ ಮೇಲೆ."