ಮಾವನ ತಿಂಡಿ ಮತ್ತು ಓಟ್ಸ್‌ನ ಲೋಳೆ

ಗಂಜಿಯ ವಿಷಯದಲ್ಲಿ ನನ್ನ ತವರಿಗೂ ಗಂಡನ ಮನೆಗೂ ಹೊಂದಿಕೆಯಿಲ್ಲ. ಪುತ್ತೂರಿನ ಕಡೆ, ಬೆಳಗ್ಗೆ ಕುಚ್ಚಲಕ್ಕಿ ಗಂಜಿ ಉಂಡು ತೋಟಕ್ಕೆ ಇಳಿಯುವವರ ಮನೆಯಲ್ಲಿ ಬೆಳೆದವಳು ನಾನು. ಮೈಸೂರಿನ ನನ್ನ ಅತ್ತೆಯ ಮನೆಯಲ್ಲಿ ಒಲೆಯ ಮೇಲೆ ಗಂಜಿ ಕಂಡರೆ ಯಾರಿಗೋ ಜ್ವರ ಬಂದಿದೆಯೆಂದೇ ಲೆಕ್ಕ. ಹೀಗಿರುವಾಗ ಮಾವನ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಏರಿದ್ದು ಕಂಡಿತು. ಮಾತ್ರೆಯನ್ನು ತಪ್ಪಿಸಬೇಡಿ, ಜೊತೆಗೆ ಬೆಳಗಿನ ತಿಂಡಿಗೆ ಓಟ್ಸ್ ರೂಢಿ ಮಾಡಿಕೊಳ್ಳಿ ಎಂದರು ವೈದ್ಯರು. ನನ್ನ ಗಂಡ ಪೊಟ್ಟಣ ತಂದು, ಅದರ ಹಿಂದೆ ಬರೆದಿದ್ದಂತೆಯೇ ಹಾಲಿನಲ್ಲಿ ಬೇಯಿಸಿ ಬಟ್ಟಲಿಗೆ ಹಾಕಿ ಕೊಟ್ಟರು. ಮಾವ ಚಮಚದಿಂದ ಒಮ್ಮೆ ಎತ್ತಿ ನೋಡಿದರು. ಅದು ಎಳೆಯೆಳೆಯಾಗಿ ಕೆಳಗಿಳಿಯಿತು. "ನನಗೇನು ಜ್ವರ ಬಂದಿದೆಯೇನಪ್ಪಾ?" ಎಂದು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅತ್ತೆ ಮಾಡಿದ್ದ ಇಡ್ಲಿಗೆ ಕೈ ಹಾಕಿದರು.

ದಸರಾ ರಜೆಗೆ ಅಮ್ಮ ಮಡಿಕೇರಿ ಮಾರ್ಗವಾಗಿ ಬಸ್ಸಿನಲ್ಲಿ ಬಂದಿಳಿಯುವವರೆಗೆ ಆ ಪೊಟ್ಟಣ ಡಬ್ಬಿಗಳ ಹಿಂದೆಯೇ ಕುಳಿತಿತ್ತು. ಅಮ್ಮನಿಗೆ ಯಾವ ಮನೆಗೆ ಹೋದರೂ ಅಡುಗೆಮನೆಯ ಕಪಾಟು ತೆರೆದು ನೋಡುವ ಅಭ್ಯಾಸ. ಓಟ್ಸನ್ನು ಅಂಗೈಯಲ್ಲಿ ಹಾಕಿಕೊಂಡು, ಉಗುರಿನಿಂದ ಒತ್ತಿ, ಇದೇನೆಂದು ಕೇಳಿದರು. ಹೊಟ್ಟು ತೆಗೆದ ಕಾಳನ್ನು ಹಬೆಯಲ್ಲಿ ಬೇಯಿಸಿ ಉರುಳೆಗಳ ನಡುವೆ ಚಪ್ಪಟೆ ಮಾಡುತ್ತಾರೆ ಎಂದೆ. "ಅಂದರೆ ಅವಲಕ್ಕಿಯ ಹಾಗೆ. ಅರ್ಧ ಬೆಂದದ್ದನ್ನು ಮತ್ತೆ ಅಷ್ಟು ಹೊತ್ತು ಹಾಲಿನಲ್ಲಿ ಕುದಿಸಿದರೆ ಲೋಳೆ ಬಿಡದೆ ಇನ್ನೇನು ಮಾಡುತ್ತದೆ?" ಎಂದರು.

ಲೋಳೆಯೇ ನಮ್ಮ ಮನೆಯ ತಕರಾರಿನ ಮೂಲ. ವಿಚಿತ್ರವೆಂದರೆ ವೈದ್ಯರು ಬೇಕೆಂದದ್ದೂ ಅದನ್ನೇ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ನೀರಿನಲ್ಲಿ ಕರಗಿ ಅಂಟಂಟಾಗುತ್ತದೆ. ಕರುಳಿನಲ್ಲಿ ಅದು ಪಿತ್ತರಸದ ಆಮ್ಲಗಳನ್ನು ಹಿಡಿದಿಟ್ಟುಕೊಂಡು ಹೊರಗೆ ಸಾಗಿಸುತ್ತದೆ. ಕಡಿಮೆಯಾದ ಪಿತ್ತವನ್ನು ತುಂಬಿಸಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಲೋಳೆಯನ್ನು ತೆಗೆದುಹಾಕುವಂತಿಲ್ಲ, ನಾಲಿಗೆಗೆ ತಿಳಿಯದಂತೆ ಮಾಡಬಹುದು, ಇಲ್ಲವೇ ಅದು ಶೋಭಿಸುವ ಅಡುಗೆಯನ್ನು ಹುಡುಕಬಹುದು.

ಭಾನುವಾರ ಬೆಳಗ್ಗೆ ಇಡ್ಲಿ ಪಾತ್ರೆಯನ್ನು ಒಲೆಗೆ ಏರಿಸಲೇ ಇಲ್ಲ. ಎಲ್ಲರಿಗೂ ಓಟ್ಸ್, ಆದರೆ ಅವರವರಿಗೆ ಬೇಕಾದಂತೆ ಎಂದು ಘೋಷಿಸಿದೆ. ಒಬ್ಬರಿಗೆ ಮಾತ್ರ ಬೇರೆ ತಿಂಡಿ ಕೊಟ್ಟರೆ ಅದು ಪಥ್ಯದಂತೆ ಕಾಣುತ್ತದೆ, ಆಗ ಮಾವ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮೊದಲು ಮಾವನ ಉಪ್ಪಿಟ್ಟು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಹಾಕದೆ ಓಟ್ಸನ್ನು ನಡುಉರಿಯಲ್ಲಿ ಹುರಿದೆ. ಹುರಿದ ಕಡಲೆಯ ವಾಸನೆಗೆ ಹತ್ತಿರವಾದ ಒಂದು ಘಮ ಬಂದು, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವವರೆಗೆ ಹುರಿಯಬೇಕು. ಈ ಹಂತವನ್ನು ಅವಸರದಲ್ಲಿ ಮುಗಿಸಿದರೆ ಆಮೇಲೆ ಏನು ಮಾಡಿದರೂ ಮುದ್ದೆಯಾಗುತ್ತದೆ. ಅದನ್ನು ತಟ್ಟೆಗೆ ಹರಡಿ ಆರಲು ಬಿಟ್ಟು, ಅದೇ ಬಾಣಲೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ, ತುರಿದ ಶುಂಠಿಯ ಒಗ್ಗರಣೆ ಹಾಕಿದೆ. ಸಣ್ಣಗೆ ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್, ಬಟಾಣಿಯನ್ನು ಮುಚ್ಚಿಟ್ಟು ಪೂರ್ತಿ ಬೇಯಿಸಿಕೊಂಡೆ, ಏಕೆಂದರೆ ಓಟ್ಸ್ ಬಿದ್ದ ಮೇಲೆ ತರಕಾರಿ ಬೇಯಲು ಸಮಯ ಸಿಗುವುದಿಲ್ಲ. ರವೆಯ ಉಪ್ಪಿಟ್ಟಿಗೆ ಸುರಿಯುವಷ್ಟು ನೀರನ್ನು ಇದಕ್ಕೆ ಸುರಿದರೆ ಕಥೆ ಮುಗಿಯಿತು. ಒಂದು ಲೋಟ ಓಟ್ಸ್‌ಗೆ ಮುಕ್ಕಾಲು ಲೋಟ ನೀರು ಸಾಕು. ನೀರು ಕುದಿದಾಗ ಓಟ್ಸ್ ಉದುರಿಸಿ, ಒಮ್ಮೆ ಮಾತ್ರ ಮಗುಚಿ, ಮುಚ್ಚಳ ಹಾಕಿ ಉರಿ ಆರಿಸಿದೆ. ಮೂರು ನಿಮಿಷದ ಬಳಿಕ ನಿಂಬೆರಸ, ಕಾಯಿತುರಿ, ಕೊತ್ತಂಬರಿ. ಹೀಗೆ ಮಾಡಿದರೆ ಚಕ್ಕೆಗಳು ಬಿಡಿಬಿಡಿಯಾಗಿರುತ್ತವೆ, ನಾರು ಅದರೊಳಗೇ ಉಳಿದಿರುತ್ತದೆ.

ಅಂಗಡಿಯಲ್ಲಿ ಮಸಾಲೆ ಬೆರೆಸಿದ ಓಟ್ಸ್ ಪೊಟ್ಟಣಗಳೂ ಸಿಗುತ್ತವೆ, ಕುದಿನೀರು ಹಾಕಿದರೆ ಆಯಿತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಥ ಪೊಟ್ಟಣದಲ್ಲಿ ಎಷ್ಟು ಉಪ್ಪಿರಬೇಕೆಂದು ಬೇರೆ ಯಾರೋ ನಿರ್ಧರಿಸಿರುತ್ತಾರೆ. ನನ್ನ ಒಗ್ಗರಣೆಗೆ ನಾನೇ ಜವಾಬ್ದಾರಿ.

ಮಗಳಿಗೆ ಹಾಲಿನದೇ ಬೇಕು. ಓಟ್ಸನ್ನು ನೀರಿನಲ್ಲಿ ಬೇಯಿಸಿ ಕೊನೆಗೆ ಹಾಲು ಬೆರೆಸಿ, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲದ ಪುಡಿ ಹಾಕಿದೆ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ. ಅದರ ಮೇಲೆ ಏಲಕ್ಕಿ, ಒಂದು ನಂಜನಗೂಡು ರಸಬಾಳೆ, ಹುರಿದ ಕಡಲೆಕಾಯಿ ಬೀಜ. ರಸಬಾಳೆ ಇರುವ ಊರಿನಲ್ಲಿ ಬೇರೆ ಹಣ್ಣು ಹುಡುಕುವುದು ದಡ್ಡತನ. ಗಂಡನಿಗೆ ದೋಸೆ: ಓಟ್ಸ್ ಪುಡಿ, ಅದರ ಅರ್ಧದಷ್ಟು ಅಕ್ಕಿ ಹಿಟ್ಟು, ಒಂದು ಹಿಡಿ ಚಿರೋಟಿ ರವೆ, ಮಜ್ಜಿಗೆ, ಜೀರಿಗೆ. ಹಿಟ್ಟು ನಿಂತಷ್ಟೂ ಗಟ್ಟಿಯಾಗುತ್ತದೆ, ಪ್ರತಿ ದೋಸೆಗೂ ಮುಂಚೆ ನೀರು ಕೇಳುತ್ತದೆ. ಆ ಕೆಲಸವನ್ನು ದೋಸೆ ತಿನ್ನುವವರಿಗೇ ವಹಿಸಿದೆ.

ಅತ್ತೆಗೆ ಸಕ್ಕರೆ ಕಾಯಿಲೆ. ಅವರ ಪಾಲನ್ನು ಬೇಯಿಸಿ ತಣಿಸಿ, ಮಜ್ಜಿಗೆ ಕಲಸಿ, ಸೌತೆಕಾಯಿ ಹಾಕಿ, ಮೊಸರನ್ನದ ಹಾಗೆ ಒಗ್ಗರಣೆ ಕೊಟ್ಟೆ. ತಿನ್ನುತ್ತಲೇ ಅತ್ತೆ ಕೇಳಿದರು: "ರಾಗಿ ಇರುವಾಗ ಇದೇಕಮ್ಮಾ?" ನ್ಯಾಯವಾದ ಪ್ರಶ್ನೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ, ಓಟ್ಸ್‌ನಲ್ಲಿ ಸುಮಾರು 50. ಮೂಳೆಗೆ ರಾಗಿಯೇ ಸರಿ. ಆದರೆ ಕೊಲೆಸ್ಟ್ರಾಲನ್ನು ಎಳೆಯುವ ಆ ಲೋಳೆನಾರು ಓಟ್ಸ್‌ನಲ್ಲಿ ಮತ್ತು ಬಾರ್ಲಿಯಲ್ಲಿ ಹೇರಳ. ಮಧ್ಯಾಹ್ನದ ಮುದ್ದೆಗೆ ಏನೂ ತೊಂದರೆಯಿಲ್ಲ ಎಂದ ಮೇಲೆ ಅತ್ತೆ ಸಮಾಧಾನಗೊಂಡರು.

ಮಾವ ಉಪ್ಪಿಟ್ಟು ತಿನ್ನುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಜೀವಮಾನವೆಲ್ಲ ಲೆಕ್ಕಪತ್ರ ವಿಭಾಗದಲ್ಲಿ ದುಡಿದವರು. ರುಚಿಗಿಂತ ಮೊದಲು ಅಂಕಿ ಕೇಳುತ್ತಾರೆ. "ಎಷ್ಟು ತಿಂದರೆ ಎಷ್ಟು ಇಳಿಯುತ್ತದೆ?" ಎಂದರು. ಇಳಿಯುವ ಲೆಕ್ಕ ಮುಂದಿನ ರಕ್ತಪರೀಕ್ಷೆ ಹೇಳಬೇಕು, ತಿನ್ನುವ ಲೆಕ್ಕ ಮಾತ್ರ ನನಗೆ ಗೊತ್ತು ಎಂದೆ. ಓಟ್ಸ್ ಹೃದಯಕ್ಕೆ ಹಿತ ಎಂದು ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿಗೆ ಕೊಟ್ಟಾಗ ಇಟ್ಟ ಅಳತೆ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್, ಅದೂ ಜಿಡ್ಡು ಕಡಿಮೆಯಿರುವ ಊಟದ ಜೊತೆಗೆ. 40 ಗ್ರಾಂ ಒಣ ಓಟ್ಸ್‌ನಲ್ಲಿ ಅದರ ಅರ್ಧದಷ್ಟೋ ತುಸು ಹೆಚ್ಚೋ ಸಿಗುತ್ತದೆ. ಮಾವ ಮನಸ್ಸಿನಲ್ಲೇ ಗುಣಿಸಿದರು. "ಹಾಗಾದರೆ ದಿನಕ್ಕೆ ಎರಡು ಸಲ ಜ್ವರ ಬರಬೇಕು." ಅತ್ತೆ ನಕ್ಕುಬಿಟ್ಟರು. ಉಪ್ಪಿಟ್ಟು ಖಾಲಿಯಾಗಿತ್ತು, ಎರಡನೆಯ ಸಲ ಬಡಿಸಿಕೊಂಡಿದ್ದನ್ನೂ ಸೇರಿಸಿ.

ಕೊನೆಗೆ ಅಮ್ಮ ಮತ್ತು ನಾನು. ಅಮ್ಮ ಒಂದು ಲೋಟ ಓಟ್ಸ್‌ಗೆ ನಾಲ್ಕು ಲೋಟ ನೀರು ಹಾಕಿ, ಉಪ್ಪು ಮಾತ್ರ ಬೆರೆಸಿ, ನೀರುನೀರಾದ ಗಂಜಿ ಮಾಡಿದ್ದರು. ಪಕ್ಕದಲ್ಲಿ ಊರಿನಿಂದ ತಂದ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಹುರುಳಿ ಚಟ್ನಿ. ಲೋಳೆಯನ್ನು ಮುಚ್ಚಿಡುವ ಪ್ರಯತ್ನವೇ ಇಲ್ಲ. "ಬಸಳೆ ತಿಂದು ಬೆಳೆದವರಿಗೆ ಇದೊಂದು ಲೋಳೆಯೇ?" ಎಂದು ಅಮ್ಮ ಸುರಿದುಕೊಂಡರು. ಕುಚ್ಚಲಕ್ಕಿಯ ಕಂಪು ಇದಕ್ಕಿಲ್ಲ, ಅಗಿಯಲು ಕಾಳೂ ಇಲ್ಲ. ಆದರೂ ಹುಳಿ ಖಾರದ ಮಿಡಿಯೊಂದಿಗೆ ನನಗೆ ಆ ದಿನದ ಎಲ್ಲ ತಿಂಡಿಗಳಿಗಿಂತ ಇದೇ ಹಿಡಿಸಿತು. ಮಾವನಿಗೆ ರುಚಿ ನೋಡಲು ಕೊಟ್ಟೆವು. ಮಿಡಿಯನ್ನು ತೆಗೆದುಕೊಂಡು ಗಂಜಿಯನ್ನು ಬಿಟ್ಟರು.

ಉಳಿದ ಗಂಜಿ ಹತ್ತೂವರೆಯ ಹೊತ್ತಿಗೆ ಪಾತ್ರೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಅಮ್ಮ ಅದಕ್ಕೆ ಹಿಡಿಯುವಷ್ಟು ಅಕ್ಕಿ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸು ಸೇರಿಸಿ ನೀರೇ ಹಾಕದೆ ಕಲಸಿಟ್ಟರು. ಸಂಜೆ ಬಾಣಲೆಗೆ ತಟ್ಟಿದ ರೊಟ್ಟಿ ಅಂಚು ಗರಿಯಾಗಲು ಅಕ್ಕಿ ರೊಟ್ಟಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಒಳಗೆ ಮಾತ್ರ ತಣ್ಣಗಾದ ಮೇಲೂ ಮೆತ್ತಗೆ ಉಳಿದಿತ್ತು. ಅದರಲ್ಲಿ ಏನಿದೆಯೆಂದು ಮಾವ ಕೇಳಲಿಲ್ಲ, ನಾವೂ ಹೇಳಲು ಹೋಗಲಿಲ್ಲ. ಅವರ ಎರಡನೆಯ ಕಂತೂ ಸಂದಾಯವಾಯಿತು.